ಹನ್ನೊಂದು ತಲೆ ತಿನ್ನುತ್ತೆ

ಸನ್ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ವೈದ್ಯರೇ, ಇಂದು ಬೇರೆ ಆಸ್ಪತ್ರೆಗೆ ವರ್ಗವಾಗಿ ಹೋಗುತ್ತಿರುವ ನಮ್ಮ ಸಿಸ್ಟರ್ ಅವರೇ, ಮುಂದಿನ ಸಾಲಿನಲ್ಲಿ ಕುಳಿತಿರುವ ಆ ಆಸ್ಪತ್ರೆಯ ಮೇಲ್ವಿಚಾರಕಿಯವರೇ, ತಿಂಡಿ ಇನ್ನೂ ಬಂದಿಲ್ಲವೆಂಬ ಒಂದೇ ಕಾರಣಕ್ಕೆ ಎದ್ದು ಹೋಗದಿರುವ ಸಭಿಕರೇ,

ರೋಗಿಗಳ ಪರವಾಗಿ ಮೂರು ನಿಮಿಷ ಮಾತಾಡಿ ಎಂದಿದ್ದಾರೆ. ನನ್ನ ನೆನಪು ಅಷ್ಟು ಚಿಕ್ಕದಲ್ಲ, ಕ್ಷಮಿಸಿ.

ಎರಡು ವರ್ಷದ ಹಿಂದೆ ಹರ್ನಿಯಾ ಆಪರೇಷನ್ ಆಗಿ ಒಂಬತ್ತನೇ ಬೆಡ್ಡಿನಲ್ಲಿದ್ದೆ. ಒಳ್ಳೆಯ ರೋಗಿ ಎಂದು ಹೆಸರು ಪಡೆದಿದ್ದೆ. ಮೇಲಿನ ಫ್ಯಾನ್ ಕೆಟ್ಟಿತು, ಹನ್ನೊಂದಕ್ಕೆ ಕಳಿಸಿದರು. ಅಲ್ಲಿಗೆ ನನ್ನ ಕೀರ್ತಿ ಮುಗಿಯಿತು. ಹನ್ನೊಂದರಲ್ಲಿ ಮೊದಲು ಯಾರೋ ಪುಣ್ಯಾತ್ಮ ಗೋಳಾಡಿದ್ದನಂತೆ. ಅವನು ಗುಣವಾಗಿ ಮನೆಗೆ ಹೋದ, ಅವನ ಹೆಸರು ಮಂಚದಲ್ಲೇ ಉಳಿಯಿತು. ಪಾಳಿ ಬದಲಾಗುವಾಗ ಒಬ್ಬ ಸಿಸ್ಟರ್ ಇನ್ನೊಬ್ಬರಿಗೆ ವಾರ್ಡು ಒಪ್ಪಿಸುತ್ತಾರಲ್ಲ, ನನ್ನ ಕಾಲ ಬಳಿಯೇ ನಿಂತು ಒಪ್ಪಿಸಿದರು: "ಹತ್ತು, ಜ್ವರ. ಹನ್ನೊಂದು, ತಲೆ ತಿನ್ನುತ್ತೆ ಕಣೇ. ಹತ್ರ ಹೋಗ್ಬೇಡ."

ತಿನ್ನುತ್ತೆ! ಮೂವತ್ತು ವರ್ಷ ವ್ಯಾಕರಣ ಪಾಠ ಮಾಡಿದವನಿಗೆ ನಪುಂಸಕಲಿಂಗವೇ?

ಕಾಲು ನೋಯುತ್ತಿದೆ ಎಂದೆ. "ಶುರುವಾಯ್ತು" ಎಂದರು. ಕೂಗಿದೆ. "ನಾನು ಹೇಳಿರ್ಲಿಲ್ವಾ?" ಎಂದರು. ನಾನು ಬರುವ ಮೊದಲು ಮಂಚ ರಿಪೇರಿಗೆ ಹೋಗಿ ಜಾಗ ಖಾಲಿಯಿದ್ದ ದಿನವೂ ವಾರ್ಡಿನ ಪುಸ್ತಕದಲ್ಲಿ "ಹನ್ನೊಂದು: ಬೆಳಗಿನಿಂದ ಗೋಳು" ಎಂದಿತ್ತು. ನಾನೇ ಓದಿದ್ದೇನೆ. ಅಂದು ಗೋಳಾಡಿದ್ದು ಯಾರು ಸ್ವಾಮಿ, ನೆಲವೇ?

ಆಮೇಲೆ ಇಂದು ನಾವು ಬೀಳ್ಕೊಡುತ್ತಿರುವ ಇವರ ಪಾಳಿ ಬಂತು. ಇವರಿಗೂ ಹಾಗೆಯೇ ಒಪ್ಪಿಸಿದರು. ಇವರು "ಆಯ್ತು" ಎಂದು ನೆಟ್ಟಗೆ ನನ್ನ ಹತ್ತಿರ ಬಂದು, "ಎಲ್ಲಿ ನೋವು ಸರ್?" ಎಂದರು. ಸರ್! ಪುಲ್ಲಿಂಗ! ಹೊದಿಕೆ ಸರಿಸಿ ಎರಡೂ ಕಾಲು ನೋಡಿದರು. ಎಡಗಾಲಿನ ಮೀನಖಂಡ ಊದಿತ್ತು. ರಕ್ತ ಹೆಪ್ಪುಗಟ್ಟಿತ್ತು. ಇನ್ನರ್ಧ ದಿನ ಬಿಟ್ಟಿದ್ದರೆ ಈಗ ನನ್ನ ಬಗ್ಗೆ ಬೇರೆಯವರು ಮಾತಾಡುತ್ತಿದ್ದರು, ಅದೂ ಚುಟುಕಾಗಿ.

ಉಪಕಾರ ಮರೆಯುವವನಲ್ಲ ನಾನು. ಮರುದಿನ ಇವರನ್ನು ಕರೆದು ಮೆಲ್ಲಗೆ ಹೇಳಿದೆ: "ಸಿಸ್ಟರ್, ಪಕ್ಕದ ಹನ್ನೆರಡನ್ನ ನಂಬಬೇಡಿ. ಎದೆನೋವು ಅಂತ ಬರೀ ನಾಟಕ ಮಾಡುತ್ತೆ."

ಹೌದು, "ಮಾಡುತ್ತೆ" ಎಂದೇ ಅಂದೆ.

"ಹೌದಾ ಸರ್? ಸ್ವಲ್ಪ ಇರಿ, ಅವರನ್ನ ನೋಡ್ಬೇಕು" ಎಂದರು.

ಅಧ್ಯಕ್ಷರೇ, ಹನ್ನೆರಡರಲ್ಲಿ ಮಲಗಿದ್ದವರು ತಾವು. ತಾವು ಇಂದು ಆ ಕುರ್ಚಿಯಲ್ಲಿರುವುದು ಇವರು ನನ್ನ ಮಾತನ್ನು ಕಿವಿಗೆ ಹಾಕಿಕೊಳ್ಳದ್ದರಿಂದ. ಹಾಗೆ ನೋಡಬೇಡಿ, ಎದೆಗೆ ಒಳ್ಳೆಯದಲ್ಲ.

ಈಗ ಇವರ ಕಡತ ಇವರಿಗಿಂತ ಮುಂಚೆ ಹೊಸ ಆಸ್ಪತ್ರೆ ಸೇರಿದೆ. "ಸಹೋದ್ಯೋಗಿಗಳ ಮಾತಿಗೆ ಬೆಲೆ ಕೊಡುವುದಿಲ್ಲ" ಎಂದು ಬರೆದಿದೆಯಂತೆ. ಅದನ್ನೋದಿ ಇವರನ್ನು ರೋಗಿಗಳಿಂದ ದೂರ, ಬಟ್ಟೆಯ ಉಗ್ರಾಣಕ್ಕೆ ಹಾಕುವ ಯೋಚನೆಯಂತೆ. ಮೇಲ್ವಿಚಾರಕಿಯವರೇ, ಅದರಲ್ಲಿ ಬರೆದದ್ದು ಅಕ್ಷರಶಃ ನಿಜ. ಆದ್ದರಿಂದಲೇ ನಾವಿಬ್ಬರು ಮುದುಕರು ಬದುಕಿ ವೇದಿಕೆ ಹತ್ತಿದ್ದೇವೆ. ಕಡತ ಮುಚ್ಚಿಡಿ. ಇವರನ್ನು ಹತ್ತಿರ ಕರೆದು, ಎಲ್ಲಿ ನೋವು ಎಂದು ಒಮ್ಮೆ ಕೇಳಿ.

ಇಷ್ಟು ಹೊತ್ತು ತಲೆ ಕೊಟ್ಟ ತಮಗೆಲ್ಲ ಕೃತಜ್ಞತೆ ಹೇಳುತ್ತಾ, ಹನ್ನೊಂದು ಇಲ್ಲಿಗೆ ಮುಗಿಸುತ್ತೆ. ನಮಸ್ಕಾರ.