ನಾಲಿಗೆ ಎತ್ತಿ, ಅತ್ತೆ

ಮನೆಮಾರು ಬಿಟ್ಟು ಬಂದವರ ಶಿಬಿರದ ದವಾಖಾನೆಯಲ್ಲಿ ಸಾಲು ನಿಂತಿದ್ದೆವು. ನನ್ನ ಮುಂದೆ ಒಬ್ಬ ಮುದುಕಿ, ಜೊತೆಗೆ ಅವಳ ತುಂಬು ಬಸುರಿ ಸೊಸೆ. ಕಿಟಕಿಯಿಂದ ನರ್ಸ್ ಕೂಗಿದರು: "ಅಜ್ಜಿ, ನಿಮ್ಮ ರಕ್ತದಲ್ಲಿ ಈಗ ಮಲೇರಿಯಾ ಇಲ್ಲ!"

"ಕೇಳಿದ್ಯೇನೇ? ಇಲ್ವಂತೆ!"

"ಇಡೀ ಸಾಲಿಗೇ ಕೇಳಿಸ್ತು ಅತ್ತೆ. ಹೋದ ಸಲಾನೇ ಮಾತ್ರೆ ಪೂರ್ತಿ ನುಂಗಿದ್ರೆ ಏನಾಗ್ತಿತ್ತು?"

"ಅದು ಹಳೇ ಮಾತ್ರೆ. ಈ ಜ್ವರಕ್ಕೆ ಅದು ನಾಟೋದೇ ಇಲ್ಲ ಅಂತ ಡಾಕ್ಟರೇ ಹೇಳಿದ್ರು."

"ಯಾಕೆ ನಾಟಲ್ಲ ಅಂತಾನೂ ಹೇಳಿದ್ರಲ್ಲ? ನಿಮ್ಮಂಥೋರು ಅರ್ಧ ನುಂಗಿ, ಇನ್ನರ್ಧ ದಿಂಬಿನೊಳಗೆ ಬಚ್ಚಿಟ್ರೆ, ರೋಗ ಮಾತ್ರೆಗೇ ಪಳಗಿಬಿಡುತ್ತಂತೆ."

"ಅದಕ್ಕೇ ಈ ಸಲ ನೀನು ಪೊಲೀಸಮ್ಮ ಆಗ್ಬಿಟ್ಯಲ್ಲ! ದಿನಾ ಬಾಯಿ ತೆಗೀರಿ, ನಾಲಿಗೆ ಎತ್ತಿ. ಹಲ್ಲು ಕಿತ್ತ ಡಾಕ್ಟರೂ ನನ್ನ ಬಾಯಿ ಅಷ್ಟು ನೋಡಿರಲಿಲ್ಲ."

"ಅಷ್ಟಕ್ಕೂ ಯಾರಿಗೆ ಅಂತ ಕೂಡಿಡ್ತಿದ್ರಿ?"

ಮುದುಕಿ ಸೊಸೆಯ ಹೊಟ್ಟೆಯತ್ತ ನೋಡಿದಳು.

"ಈ ಕೂಸಿಗೆ. ಬರುವಾಗ ಎಲ್ಲಾ ಅಲ್ಲೇ ಬಿಟ್ಟು ಬಂದ್ವಿ. ಕೊಡೋಕೆ ನನ್ನ ಹತ್ರ ಬೇರೇನಿತ್ತು ಹೇಳು?"

"ಅಯ್ಯೋ ಅತ್ತೆ! ಮಾತ್ರೆ ಕಟ್ಕೊಂಡು ಏನ್ಮಾಡುತ್ತೆ ಅದು? ಅದಕ್ಕೆ ಅಜ್ಜಿ ಇದ್ರೆ ಸಾಕು."

ಮುದುಕಿ ಅಂಗೈಯಿಂದ ಕಣ್ಣೊರೆಸಿಕೊಂಡು ಬಾಗಿಲ ಕಡೆ ಹೊರಟಳು. ಆಮೇಲೆ ಏನೋ ನೆನಪಾದವಳಂತೆ ತಟ್ಟನೆ ನಿಂತಳು.

"ಇವತ್ತು ನಿನ್ನ ಕಬ್ಬಿಣದ ಮಾತ್ರೆ ತಗೊಂಡ್ಯಾ?"

"ಹ್ಞೂಂ... ತಗೊಂಡೆ."

"ಬಾಯಿ ತೆಗಿ. ನಾಲಿಗೆ ಎತ್ತು."

ಸೊಸೆ ಬಾಯಿ ತೆರೆದಳು. ಆದರೆ ನಗು ತಡೆಯಲಾಗದೆ ಅತ್ತೆಯ ಹೆಗಲಿಗೇ ಒರಗಿದಳು. ಇಬ್ಬರೂ ಹಾಗೇ ನಗುತ್ತ ಬಾಗಿಲು ದಾಟಿ ಹೋದರು.