ಹವಳಕ್ಕೆ ಯಾವ ಉಪ್ಪು

ಬ್ಲೂಮ್‌ಫಾಂಟೇನ್‌ನ ಅಕ್ವೇರಿಯಂ ಅಂಗಡಿಯ ಸಾಲಿನಲ್ಲಿ ನಿಂತಿದ್ದ ಮಸೆಚಾಬಾಳ ಬೆನ್ನ ಹಿಂದೆ ಒಬ್ಬ ಮುದುಕನೂ ಅವನ ತಂಗಿಯ ಮಗಳೂ ಸಮುದ್ರದುಪ್ಪಿನ ಎರಡು ಡಬ್ಬಗಳ ಮೇಲೆ ವಾದಕ್ಕೆ ಬಿದ್ದಿದ್ದರು.

"ಬೇಗ ಬೆಳೆಸೋ ಉಪ್ಪೇ ಇರಲಿ, ಪುಲೆಂಗ್."

"ಅದನ್ನ ಹಾಕೇ ಅಲ್ವಾ ಮಾವ, ತೊಟ್ಟೀಲಿ ಸಾಕಿರೋ ನಿಮ್ಮ ಹವಳದ ತುದಿಯೆಲ್ಲಾ ಸುಟ್ಟು ಬೆಳ್ಳಗಾಗಿದ್ದು?"

"ಸತ್ವ ಜಾಸ್ತಿ ಇದ್ರೆ ಒಳ್ಳೇದಲ್ವೇನೇ?"

"ಜ್ವರ ಬಂದೋರಿಗೆ ಮಾಂಸ ಬಡಿಸ್ತೀರಾ, ಗಂಜಿ ಕೊಡ್ತೀರಾ?"

"ಆಯ್ತಮ್ಮ, ಸಾದಾ ಉಪ್ಪೇ ತಗೋ. ಇವತ್ತೇ ತೊಟ್ಟಿ ನೀರೆಲ್ಲಾ ಬದಲಾಯಿಸ್ಬಿಡ್ತೀನಿ."

"ಅಯ್ಯೋ, ಬೇಡ! ವಾರವಾರ ಒಂದೊಂದು ಬಕೆಟ್ ಸಾಕು."

"ಅಷ್ಟರಲ್ಲಿ ಸತ್ತೋದ್ರೆ? ಉಳಿದಿರೋದು ಅದೊಂದೇ ತುಂಡು."

"ಸಾಯಲ್ಲ. ಬೆಳಿಗ್ಗೆ ಅದರ ಬುಡದಲ್ಲಿ ಹವಳದ ಹುಳುಗಳು ಪುಟ್ಟ ಪುಟ್ಟ ಬಾಯಿ ತೆರೆದಿದ್ವು."

"ನನ್ನನ್ಯಾಕೆ ಎಬ್ಬಿಸಲಿಲ್ಲ?"

"ಎಬ್ಬಿಸಿದೆ. ಗೊರಕೆಯಲ್ಲೇ ಉತ್ತರ ಕೊಟ್ರಿ."

"ಬೇಗ ಬಿಲ್ ಮಾಡಿಸೇ! ತೊಟ್ಟಿ ದೀಪ ಆರೋದ್ರೊಳಗೆ ನಾನೂ ನೋಡ್ಬೇಕು."

ಮಸೆಚಾಬಾ ಪಕ್ಕಕ್ಕೆ ಸರಿದು ಅವರನ್ನು ಮುಂದೆ ಬಿಟ್ಟಳು. ಮುದುಕ ಸಾದಾ ಉಪ್ಪಿನ ಡಬ್ಬವನ್ನು ಎದೆಗವಚಿಕೊಂಡು ಓಡುನಡಿಗೆಯಲ್ಲೇ ಗಲ್ಲಾದತ್ತ ಹೋದ.