ದಕ್ಷಿಣಕ್ಕೆ ತಿರುಗಿದ ದೋಣಿ

ಬಂದರಿನ ಅಂಗಡಿಯಲ್ಲಿ ಹಾಯಿ ಹೊಲಿಯುವಾಕೆ ಹರಿದ ಹಾಯಿಯೊಂದಕ್ಕೆ ತೇಪೆ ಹಾಕುತ್ತಿದ್ದಳು. "ಹೇಗೂ ಮಾರೋ ದೋಣಿ, ಗಾಳಿ ತಡೆದರೆ ಸಾಕು" ಎಂದು ಅದನ್ನು ತಂದುಕೊಟ್ಟ ನಡುವಯಸ್ಸಿನ ಗಂಡಹೆಂಡತಿ ಬಾಗಿಲ ಬಳಿಯ ಬೆಂಚಿನ ಮೇಲೆ ಕೂತಿದ್ದರು. ಕೈ ಹೊಲಿಯುತ್ತಿದ್ದರೂ ಅವಳ ಕಿವಿಯೆಲ್ಲ ಬೆಂಚಿನ ಕಡೆಗೇ ಇತ್ತು.

"ಉತ್ತರದ ದ್ವೀಪದ ಕಡೆ ಬಿರುಗಾಳಿಯಂತೆ ಕಣೇ. ನಾಡಿದ್ದಿನವರೆಗೂ ಇಲ್ಲೇ ಇರೋಣ."

"ಸುಮ್ನೆ ಕೂರೋದ್ಯಾಕೆ? ದಕ್ಷಿಣಕ್ಕೆ ಹೋಗೋಣ. ಆ ಕಡೆ ಗಾಳಿ ಚೆನ್ನಾಗಿದೆಯಂತೆ."

"ದೋಣಿ ಕೊಳ್ಳೋನು ಕಾಯ್ತಿರೋದು ಉತ್ತರದಲ್ಲಿ."

"ಗೊತ್ತು ರೀ."

"ಮಾರಲೇಬೇಕು ಅಂತ ಹಟ ಹಿಡಿದವಳು ನೀನೇ. ಹತ್ತಿದ ದಿನದಿಂದ ಬಕೆಟ್ ತಬ್ಬಿಕೊಂಡೇ ಕೂತಿದ್ದೆ."

"ಆಗ ಹೊಟ್ಟೆ ತೊಳಸ್ತಿತ್ತು. ಮೊನ್ನೆ ನೀವು ಗೊರಕೆ ಹೊಡೀತಿದ್ದಾಗ ಬೆಳಗಾಗೋವರೆಗೂ ಚುಕ್ಕಾಣಿ ಹಿಡಿದಿದ್ದು ಯಾರು?"

ಗಂಡ ಬೆಂಚಿನ ಮೇಲೆ ಅವಳ ಕಡೆಗೆ ತಿರುಗಿ ಕೂತ.

"ಕೊಳ್ಳೋನಿಗೆ ಏನಂತ ಹೇಳ್ಲಿ?"

"ಹವಾ ಸರಿಯಿಲ್ಲ, ಬರೋಕಾಗಲ್ಲ ಅನ್ನಿ."

"ಬಿರುಗಾಳಿ ನಾಡಿದ್ದು ಇಳಿದುಹೋಗುತ್ತಲ್ಲೇ!"

"ನಮ್ಮ ಪಾಲಿಗೆ ಈ ವರ್ಷ ಪೂರ್ತಿ ಇಳಿಯಲ್ಲ ಅನ್ನಿ."

ಗಂಡ ಗಟ್ಟಿಯಾಗಿ ನಕ್ಕು ಎದ್ದು ನಿಂತ.

"ಅಕ್ಕಾ, ಆ ತೇಪೆ ಬಿಚ್ಚಿಬಿಡಿ. ಗಟ್ಟಿ ಬಟ್ಟೆ ಹಾಕಿ ಹೊಸದಾಗಿ ಹೊಲಿಯಿರಿ. ತುಂಬ ದಿನ ಬಾಳಿಕೆ ಬರಬೇಕು."

"ಎರಡೆರಡು ಹೊಲಿಗೆ ಹಾಕಿ," ಎಂದಳು ಹೆಂಡತಿ. "ಸಂಜೆ ಬರ್ತೀವಿ."

ಇಬ್ಬರೂ ದೋಣಿಗಳು ನಿಂತಿದ್ದ ಕಡೆಗೆ ನಡೆದರು. ಮಾಡಿದ ಕೆಲಸವನ್ನು ಬಿಚ್ಚು ಎಂದರೆ ಉರಿದುಬೀಳುವ ಹೆಂಗಸು ಆ ಹೊಲಿಯುವಾಕೆ. ಅವತ್ತು ಮಾತ್ರ ತನ್ನಷ್ಟಕ್ಕೆ ನಗುತ್ತ, ಇದ್ದುದರಲ್ಲೇ ದಪ್ಪನೆಯ ದಾರ ಹುಡುಕತೊಡಗಿದಳು.